ಮದುವೆ ಕಾಣದ ಮದುವೆ ಫೋಟೊ

2125ನೇ ಇಸವಿ ಎಂದುಕೊಳ್ಳಿ. ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನೂರು ವರ್ಷಗಳ ಹಿಂದಿನ ಕರ್ನಾಟಕದ ಮದುವೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಹೇಗೋ ಉಳಿದುಬಂದ ಒಂದು ಕಟ್ಟು ಫೋಟೊಗಳು ಅವಳ ಕೈಗೆ ಸಿಕ್ಕಿವೆ. ಎಲ್ಲವೂ ನಮ್ಮ ಕಾಲದವು. ಎಲ್ಲವೂ ಆರತಕ್ಷತೆಯ ಸಂಜೆ ಕಲ್ಯಾಣ ಮಂಟಪದ ಒಂದು ಮೂಲೆಯಲ್ಲಿ ನಿಲ್ಲಿಸಿದ ಫೋಟೊ ಬೂತಿನಲ್ಲಿ ತೆಗೆದವು. ಹಿನ್ನೆಲೆಯಲ್ಲಿ ಮಿನುಗುವ ಬಂಗಾರದ ಬಣ್ಣದ ಪರದೆ, ಇಲ್ಲವೇ ಪ್ಲಾಸ್ಟಿಕ್ ಎಲೆಗಳ ಗೋಡೆ. ಮುಂದೆ ನಾಲ್ಕೈದು ಜನ. ಒಬ್ಬರ ಕೈಯಲ್ಲಿ ಕಡ್ಡಿಗೆ ಅಂಟಿಸಿದ ರಟ್ಟಿನ ಮೀಸೆ, ಇನ್ನೊಬ್ಬರ ಮುಖಕ್ಕೆ ಹೃದಯದಾಕಾರದ ಕನ್ನಡಕ, ಮಗುವಿನ ತಲೆಗೆ ರಟ್ಟಿನ ಕಿರೀಟ, ಅಜ್ಜಿಯ ಕೈಯಲ್ಲಿ ‘ನೆಕ್ಸ್ಟ್ ಮದುವೆ ನಂದೇ’ ಎಂಬ ಫಲಕ. ವಿದ್ಯಾರ್ಥಿನಿ ಶ್ರದ್ಧೆಯಿಂದ ಎಣಿಸುತ್ತಾಳೆ, ವಿಂಗಡಿಸುತ್ತಾಳೆ, ಕೊನೆಗೆ ಬರೆಯುತ್ತಾಳೆ: ಆ ಕಾಲದ ಕನ್ನಡಿಗರ ಮದುವೆಗಳಲ್ಲಿ ಹೆಂಗಸರೂ ಮಕ್ಕಳೂ ಮೂಗಿನ ಕೆಳಗೆ ಮೀಸೆ ಹಿಡಿದು ನಿಲ್ಲುವ ಶಾಸ್ತ್ರವೊಂದಿತ್ತು, ಎಂಬತ್ತು ದಾಟಿದ ಅಜ್ಜಿಯರು ಮರುಮದುವೆಯ ಇಚ್ಛೆಯನ್ನು ಬಹಿರಂಗವಾಗಿ ಘೋಷಿಸುತ್ತಿದ್ದರು.

ನಗು ಬರುತ್ತದೆ, ನಿಜ. ಆದರೆ ಆ ಹುಡುಗಿಯನ್ನು ನೋಡಿ ನಗುವ ಹಕ್ಕು ನಮಗಿಲ್ಲ. ನಾವು ಕೊಟ್ಟದ್ದನ್ನೇ ಅವಳು ಓದಿದ್ದಾಳೆ. ಆ ಚಿತ್ರಗಳಲ್ಲಿ ಮದುವೆ ಯಾರದು ಎಂದಿಲ್ಲ, ಊರು ಯಾವುದು ಎಂದಿಲ್ಲ, ನಿಂತವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ತಿಳಿಯುವುದಿಲ್ಲ. ಚಪ್ಪರ ಕಾಣುವುದಿಲ್ಲ, ಊಟದ ಎಲೆ ಕಾಣುವುದಿಲ್ಲ. ವಾಲಗದವರು, ಅಡುಗೆಯವರು, ಮೂಲೆಯಲ್ಲಿ ಕುರ್ಚಿ ಹಿಡಿದು ಕೂತ ದೊಡ್ಡಮ್ಮ ಯಾರೂ ಕಾಣುವುದಿಲ್ಲ. ಮದುವೆಯ ಖರ್ಚಿನಲ್ಲಿ, ಮದುವೆಯ ಮನೆಯೊಳಗೆ, ಮದುವೆಯೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಸೆರೆಹಿಡಿಯುವ ಯಂತ್ರವನ್ನು ನಾವು ಬಾಡಿಗೆಗೆ ತರುತ್ತಿದ್ದೇವೆ. ನನ್ನ ತಕರಾರು ಇದು. ‘ಅಯ್ಯೋ, ಅದೊಂದು ತಮಾಷೆ, ಬಿಡಿ’ ಎನ್ನುವವರಿಗೆ ನನ್ನ ಉತ್ತರ: ತಮಾಷೆಯ ಬಗ್ಗೆ ನನಗೆ ಜಗಳವಿಲ್ಲ. ಆ ತಮಾಷೆಯನ್ನೇ ನೆನಪು ಎಂದು ಕರೆದು, ನೆನಪಿನ ಕೆಲಸವನ್ನೆಲ್ಲ ಅದಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವುದರ ಬಗ್ಗೆ ಜಗಳವಿದೆ.

ಹಳೆಯ ಸಂಭ್ರಮಗಳನ್ನು ನಾವು ಇವತ್ತು ಹೇಗೆ ಓದುತ್ತಿದ್ದೇವೆ ಎಂಬುದನ್ನು ಒಮ್ಮೆ ನೋಡೋಣ. ಹಂಪಿಗೆ ಹೋದವರೆಲ್ಲ ಹಜಾರ ರಾಮ ದೇವಾಲಯದ ಹೊರಗೋಡೆಯ ಮುಂದೆ ಒಂದು ಗಳಿಗೆ ನಿಂತಿರುತ್ತಾರೆ. ಹದಿನೈದನೆಯ ಶತಮಾನದ ಆ ಗೋಡೆಯ ಮೇಲೆ ಸಾಲು ಸಾಲಾಗಿ ಆನೆಗಳು, ಕುದುರೆಗಳು, ಕುದುರೆ ಹಿಡಿದವರು, ಕಾಲಾಳುಗಳು, ಕುಣಿಯುವ ಹೆಂಗಸರು, ವಾದ್ಯದವರು. ಮಹಾನವಮಿಯ ಮೆರವಣಿಗೆಯನ್ನು ವಿದ್ವಾಂಸರು ಅಲ್ಲಿ ಗುರುತಿಸುತ್ತಾರೆ. ಅರಸನ ವೈಭವ ಸಾರುವುದಕ್ಕೆಂದೇ ಕೆತ್ತಿಸಿದ ಗೋಡೆ ಅದು. ಅದರಲ್ಲಿ ಸಂಶಯ ಬೇಡ. ಆದರೂ ಕುದುರೆಯನ್ನು ಕೆತ್ತಿದ ಶಿಲ್ಪಿ ಕುದುರೆ ಹಿಡಿದವನನ್ನೂ ಕೆತ್ತಿದ. ಕುಣಿಯುವವಳನ್ನು ಕೆತ್ತಿದವನು ಬಾರಿಸುವವನನ್ನು ಬಿಡಲಿಲ್ಲ. ಹಾಗಾಗಿ ಆರು ಶತಮಾನ ಕಳೆದ ಮೇಲೂ ಆ ಹಬ್ಬ ಯಾರ ಮೈಬೆವರಿನಿಂದ ನಡೆಯಿತು ಎಂದು ನಾವು ಊಹಿಸಬಹುದು.

ಅದೇ ಹಬ್ಬವನ್ನು ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕಂಡು ಬರೆದ. ಅವನಿಗೆ ಹಬ್ಬದ ಅರ್ಥ ಪೂರ್ತಿ ತಿಳಿದಿರಲಿಲ್ಲ, ಆದರೆ ಕಣ್ಣು ಚುರುಕಾಗಿತ್ತು. ಮೊದಲ ದಿನ ಬಲಿಯಾದ ಕೋಣಗಳು 24, ಕುರಿಗಳು 150 ಎಂದು ಎಣಿಸಿಟ್ಟ. ರಾಣಿವಾಸದ ಹೆಂಗಸರ ಮೈಮೇಲಿನ ಒಡವೆಯ ಭಾರ ಎಷ್ಟಿತ್ತೆಂದರೆ ಅವರ ತೋಳು ಹಿಡಿದು ನಡೆಸಲು ಬೇರೆ ಹೆಂಗಸರು ಬೇಕಾಗಿದ್ದರು ಎಂದು ಬರೆದ. ಒಡವೆ ತೊಟ್ಟವರನ್ನು ತೋರಿಸುವಾಗಲೇ ತೋಳು ಹಿಡಿದವರೂ ಬಂದುಬಿಟ್ಟರು. ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಬನ್ನಿ. ಅಲ್ಲಿನ ಗೋಡೆಗಳಲ್ಲಿ ಕಳೆದ ಶತಮಾನದ ದಸರಾ ಮೆರವಣಿಗೆಯ ವರ್ಣಚಿತ್ರಗಳಿವೆ. ಅಂದಿನ ಫೋಟೊಗಳನ್ನು ಆಧಾರವಾಗಿಟ್ಟುಕೊಂಡು ಕಲಾವಿದರು ಬರೆದವು. ಅಂಬಾರಿಯ ಜೊತೆಗೆ ಪಡೆಗಳೂ ರಸ್ತೆಯೂ ನೆರೆದ ಜನವೂ ಆ ಚಿತ್ರಗಳಲ್ಲಿ ಇದ್ದಾರೆ.

ಈ ಮೂರರಿಂದಲೂ ನಾನು ಕಲಿತದ್ದು ಒಂದೇ. ಸಂಭ್ರಮದ ಸಾಕ್ಷ್ಯ ಎಂದರೆ ನಕ್ಕ ಮುಖಗಳಲ್ಲ. ನಗು ಎಲ್ಲ ಕಾಲದಲ್ಲೂ ಹೆಚ್ಚುಕಡಿಮೆ ಒಂದೇ ಥರ. ಯಾರು ಯಾರ ಪಕ್ಕ ನಿಂತರು, ಯಾರು ಕೂತರು, ಯಾರು ಬಡಿಸಿದರು, ಯಾರು ಬಾಗಿಲ ಹೊರಗೇ ಉಳಿದರು, ಏನು ತಿಂದರು, ಏನು ಕೇಳಿಸುತ್ತಿತ್ತು ಎನ್ನುವುದೇ ಸಾಕ್ಷ್ಯ. ಚಿತ್ರದ ಉದ್ದೇಶ ಬೇರೇನೋ ಇದ್ದಾಗಲೂ ಅಂಚಿನಿಂದ ಒಳಗೆ ನುಗ್ಗಿಬಿಡುವ ಸಂಗತಿಗಳೇ ಮುಂದಿನವರಿಗೆ ದೊಡ್ಡ ಆಸ್ತಿ.

ಫೋಟೊ ಬೂತಿನ ಕಸುಬೇ ಆ ಅಂಚನ್ನು ಮುಚ್ಚುವುದು. ಹಿಂದೆ ಪರದೆ, ಎದುರಿಗೆ ಉಂಗುರದ ದೀಪ, ನಡುವೆ ನಿಲ್ಲಲು ಆರಡಿ ಜಾಗ. ನೆರಳು ಬೀಳದಂತೆ ಬೆಳಕು, ಏನೂ ನುಗ್ಗದಂತೆ ಗೋಡೆ. ಇವತ್ತು ದಾವಣಗೆರೆಯಲ್ಲಿ ಮದುವೆಗೆ ನಿಂತ ಪರದೆ ನಾಳೆ ತುಮಕೂರಿನಲ್ಲಿ ಸೀಮಂತಕ್ಕೆ ನಿಲ್ಲುತ್ತದೆ, ನಾಡಿದ್ದು ಬೆಂಗಳೂರಿನ ಕಂಪನಿಯೊಂದರ ವಾರ್ಷಿಕೋತ್ಸವಕ್ಕೆ. ಅದೇ ಮೀಸೆ, ಅದೇ ಕನ್ನಡಕ, ಅದೇ ಕಿರೀಟ. ಕೆಳಗೆ ಅಚ್ಚಾಗುವ ಹೆಸರು ಮಾತ್ರ ಬೇರೆ. ಅದೂ ಎಷ್ಟೋ ಸಲ ವಧೂವರರ ಹೆಸರಿನ ಮೊದಲ ಅಕ್ಷರಗಳನ್ನು ಹ್ಯಾಷ್‌ಟ್ಯಾಗಿನಲ್ಲಿ ಜೋಡಿಸಿದ ಒಗಟು. ಒಕ್ಕಲಿಗರ ಮದುವೆಗೂ ಕೊಡವರ ಮದುವೆಗೂ, ಬಂಟರ ಮದುವೆಗೂ ಲಿಂಗಾಯತರ ಮದುವೆಗೂ ಇರುವ ನೂರು ವ್ಯತ್ಯಾಸಗಳು ಆ ಆರಡಿಯೊಳಗೆ ಬರುವುದಿಲ್ಲ. ಮುಂದಿನ ಸಂಶೋಧಕಿಗೆ ಅಲ್ಲಿ ಸಿಗುವುದು ಬೂತಿನವರ ಗೋದಾಮಿನ ಪಟ್ಟಿ ಮಾತ್ರ.

ಈಗ ಬಂದಿರುವ ‘360’ ಬೂತ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ದುಂಡನೆಯ ಪೀಠದ ಮೇಲೆ ನಿಂತರೆ ಒಂದು ತೋಳಿಗೆ ಕಟ್ಟಿದ ಕ್ಯಾಮೆರಾ ಸುತ್ತ ತಿರುಗುತ್ತದೆ. ಸುತ್ತಲೂ ತಿರುಗುವುದರಿಂದ ಮಂಟಪವೆಲ್ಲ ಕಾಣಬೇಕಿತ್ತು. ಆದರೆ ಹಿನ್ನೆಲೆ ದೀಪಗಳ ಗೆರೆಗಳಾಗಿ ಹರಿದುಹೋಗುತ್ತದೆ. ಚಲನೆಯನ್ನು ನಿಧಾನಗೊಳಿಸಿ, ಅಲ್ಲಿದ್ದ ಸದ್ದನ್ನು ತೆಗೆದು, ಆ ವಾರ ಓಡುತ್ತಿರುವ ಹಾಡೊಂದನ್ನು ಅಂಟಿಸುತ್ತಾರೆ. ಯೋಚಿಸಿ: ಮದುವೆಯ ಮನೆ ಎಂದರೆ ನಮಗೆ ಮೊದಲು ಸದ್ದಲ್ಲವೇ? ನಾಗಸ್ವರ, ಡೋಲು, ಗಟ್ಟಿಮೇಳ ಎಂಬ ಕೂಗು, ಸೋಬಾನೆ ಪದ, ಪಾತ್ರೆಗಳ ಸಪ್ಪಳ, ‘ಎರಡನೇ ಪಂಕ್ತಿಗೆ ಎಲೆ ಹಾಕ್ರೋ’ ಎಂಬ ಗದ್ದಲ. ಅದನ್ನೆಲ್ಲ ಅಳಿಸಿ ಅದರ ಮೇಲೆ ಬೇರೆ ಹಾಡು ಬರೆಯುವುದಕ್ಕೆ ನಾವು ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ.

ಇಲ್ಲಿ ಬಲ್ಲವರೊಬ್ಬರು ಎದ್ದು ನಿಂತು ಕೇಳುತ್ತಾರೆ: ಹಾಗಾದರೆ ಹಳೆಯ ಸ್ಟುಡಿಯೊಗಳು ಏನು ಮಾಡುತ್ತಿದ್ದವು? ಅಲ್ಲಿಯೂ ಬಣ್ಣ ಬಳಿದ ಪರದೆ ಇತ್ತು. ಪರದೆಯ ಮೇಲೆ ಉದ್ಯಾನ, ಅರಮನೆಯ ಮೆಟ್ಟಿಲು, ಬಾಲ್ಕನಿ. ಪಕ್ಕದಲ್ಲಿ ತಂತಿಯಿಲ್ಲದ ಟೆಲಿಫೋನು, ಹಾಡದ ರೇಡಿಯೊ. ಎಂದೂ ಕಾರು ಹತ್ತದವರು ರಟ್ಟಿನ ಕಾರಿನ ಹಿಂದೆ ಕೂತು ತೆಗೆಸಿಕೊಂಡದ್ದಿಲ್ಲವೇ? ನಿಮಗೆ ಹಳೆಯ ಸುಳ್ಳು ಇಷ್ಟ, ಹೊಸ ಸುಳ್ಳು ಬೇಡ. ಇದು ವಯಸ್ಸಾದವರ ಗೊಣಗಾಟ.

ಪ್ರಶ್ನೆ ಸರಿಯಾಗಿದೆ, ಹಾಗಾಗಿ ಸರಿಯಾಗಿಯೇ ಉತ್ತರಿಸಬೇಕು. ಸ್ಟುಡಿಯೊದ ಪರದೆ ಸುಳ್ಳು ಎಂದು ನಾನು ಎಂದೂ ವಾದಿಸುವುದಿಲ್ಲ. ಮಾನವಶಾಸ್ತ್ರಜ್ಞ ಕ್ರಿಸ್ಟೊಫರ್ ಪಿನ್ನಿ ಮಧ್ಯಪ್ರದೇಶದ ನಾಗ್ದಾ ಎಂಬ ಊರಿನ ಸ್ಟುಡಿಯೊ ಚಿತ್ರಗಳನ್ನು ವರ್ಷಗಟ್ಟಲೆ ನೋಡಿ 1997ರಲ್ಲಿ ‘ಕ್ಯಾಮೆರಾ ಇಂಡಿಕಾ’ ಎಂಬ ಪುಸ್ತಕ ತಂದರು. ಜನ ಸ್ಟುಡಿಯೊಗೆ ಹೋಗುತ್ತಿದ್ದುದು ತಾವು ಏನಾಗಿದ್ದೇವೆ ಎಂದು ದಾಖಲಿಸಲು ಮಾತ್ರವಲ್ಲ, ಏನಾಗಬಹುದಿತ್ತು ಎಂದು ಆಡಿ ನೋಡಲು ಕೂಡ ಎಂಬುದನ್ನು ಆ ಪುಸ್ತಕ ತೋರಿಸಿಕೊಡುತ್ತದೆ. ನಮ್ಮ ನೆರೆಯ ತಮಿಳುನಾಡಿನಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ ಮತ್ತು ಬ್ರಿಟಿಷ್ ಲೈಬ್ರರಿಯ ಬೆಂಬಲದಿಂದ 1880ರಿಂದ 1980ರವರೆಗಿನ ಸ್ಟುಡಿಯೊ ಫೋಟೊಗಳನ್ನು ಹುಡುಕಿ ಡಿಜಿಟಲೀಕರಿಸುವ ಕೆಲಸ ನಡೆದಿದೆ. ಪರದೆ ಸುಳ್ಳಾದರೂ ಅದರ ಮುಂದೆ ನಿಂತವರ ಆಸೆ ನಿಜವಾಗಿತ್ತು. ಸಂಶೋಧಕರು ಓದುತ್ತಿರುವುದು ಆ ಆಸೆಯನ್ನು.

ಆದರೆ ಎರಡು ವ್ಯತ್ಯಾಸಗಳಿವೆ. ಸ್ಟುಡಿಯೊಗೆ ಹೋಗುವವರು ಅದಕ್ಕೆಂದೇ ಹೋಗುತ್ತಿದ್ದರು. ಮದುವೆಯ ಬದಲು ಸ್ಟುಡಿಯೊ ಅಲ್ಲ, ಮದುವೆ ಮುಗಿದ ಮೇಲೆ ಸ್ಟುಡಿಯೊ. ಅದು ಸಂಭ್ರಮದ ಜಾಗವನ್ನು ಆಕ್ರಮಿಸಲಿಲ್ಲ. ಎರಡನೆಯದು ಇನ್ನೂ ಮುಖ್ಯ: ಸ್ಟುಡಿಯೊದ ಫೋಟೊಗೆ ಹಿಂಬದಿ ಎಂಬುದಿತ್ತು. ಅಲ್ಲಿ ಸ್ಟುಡಿಯೊದ ಮೊಹರು, ಊರಿನ ಹೆಸರು, ಕೆಲವೊಮ್ಮೆ ನೆಗೆಟಿವ್ ಸಂಖ್ಯೆ. ಮನೆಯವರು ಯಾರೋ ಪೆನ್ಸಿಲ್ಲಿನಲ್ಲಿ ಬರೆದ ‘ಚಿಕ್ಕಮ್ಮನ ಮದುವೆ, ತಿಪಟೂರು’ ಎಂಬಂಥ ಒಂದು ಸಾಲು. ಆ ಒಂದು ಸಾಲು ಇಲ್ಲದಿದ್ದರೆ ಅದು ಚೆಂದದ ಕಾಗದ. ಇದ್ದರೆ ಅದು ಚರಿತ್ರೆ.

ಇದಕ್ಕೆ ನಮ್ಮದೇ ನೆಲದ ಉದಾಹರಣೆ ವೀರಗಲ್ಲು. ವೀರಗಲ್ಲಿನ ಚಿತ್ರದಲ್ಲಿ ಹೊಸದೇನಿದೆ ಹೇಳಿ? ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಊರೂರಿಗೂ ಹೆಚ್ಚುಕಡಿಮೆ ಅದೇ ಅಚ್ಚು. ಅದೂ ಒಂದು ಬಗೆಯ ಪರದೆಯೇ, ಸಿದ್ಧಪಡಿಸಿದ ಭಂಗಿಯೇ. ಆದರೂ ನಾಡಿನ ಚರಿತ್ರೆಗೆ ವೀರಗಲ್ಲು ಆಧಾರವಾದದ್ದು ಯಾಕೆಂದರೆ ಪಟ್ಟಿಕೆಗಳ ನಡುವೆ ಬರಹವಿದೆ: ಇಂಥ ಅರಸನ ಕಾಲದಲ್ಲಿ, ಇಂಥ ಊರಿನ ತುರುಗಳನ್ನು ಮರಳಿಸಲು, ಇಂಥವನ ಮಗ ಇಂಥವನು ಕಾದಿ ಸತ್ತ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಕಟ್ಟಿಕೊಟ್ಟದ್ದು ಇಂಥ ಸಾಲುಗಳ ಬಲದಿಂದ. ಬರಹವಿಲ್ಲದ ವೀರಗಲ್ಲುಗಳೂ ಊರ ಹೊರಗಿನ ಬೇಲಿಗಳಲ್ಲಿ ಬೇಕಾದಷ್ಟಿವೆ. ಜನ ಅವಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಸತ್ತವನು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಬೂತಿನ ಚಿತ್ರ ಆ ಮೂಕ ಕಲ್ಲು. ಭಂಗಿ ಇದೆ, ಬರಹವಿಲ್ಲ.

ಎರಡನೆಯ ವಾದ ಹೆಚ್ಚು ಗಟ್ಟಿಯಾದದ್ದು, ವಯಸ್ಸಿನಲ್ಲಿ ಚಿಕ್ಕವರು ಹೇಳುವಂಥದ್ದು. ಹಳೆಯ ಮದುವೆ ಆಲ್ಬಮ್ ಯಾರ ಕೈಯಲ್ಲಿತ್ತು? ಒಂದು ರೋಲಿಗೆ 36 ಚಿತ್ರ. ಯಾರನ್ನು ತೆಗೆಯಬೇಕು ಎಂದು ಹೆಣ್ಣಿನ ತಂದೆಯೋ ಗಂಡಿನ ಸೋದರಮಾವನೋ ಫೋಟೊಗ್ರಾಫರನಿಗೆ ಕಣ್ಸನ್ನೆ ಮಾಡುತ್ತಿದ್ದರು. ಬಡ ನೆಂಟರು ಕೊನೆಯ ಗ್ರೂಪ್ ಫೋಟೊದ ಹಿಂದಿನ ಸಾಲಿನಲ್ಲಿ ಅರ್ಧ ಮುಖವಾಗಿ ಉಳಿದರು. ಬೂತಿನಲ್ಲಾದರೆ ಯಾರ ಅಪ್ಪಣೆಯೂ ಬೇಡ. ಹುಡುಗಿಯರು ತಮಗೆ ಬೇಕಾದ ಹಾಗೆ ನಿಲ್ಲುತ್ತಾರೆ, ಗೆಳೆಯರು ಹೆಗಲ ಮೇಲೆ ಕೈಹಾಕುತ್ತಾರೆ, ಅಜ್ಜಿ ಮೊದಲ ಬಾರಿ ಹಲ್ಲು ಕಾಣುವಂತೆ ನಗುತ್ತಾಳೆ. ಇದು ಬಿಡುಗಡೆಯಲ್ಲವೇ?

ಬಿಡುಗಡೆಯೇ ಆಗಿತ್ತು. ಆ ಯಂತ್ರದ ಹುಟ್ಟಿನ ಕತೆ ಗೊತ್ತಿದ್ದವರು ಇದನ್ನು ಅಲ್ಲಗಳೆಯಲಾರರು. ಸೈಬೀರಿಯದ ಓಮ್ಸ್ಕ್‌ನಲ್ಲಿ ಹುಟ್ಟಿದ ಅನತೋಲ್ ಜೋಸೆಫೊ ಎಂಬ ವಲಸಿಗ 1925ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ‘ಫೋಟೊಮ್ಯಾಟನ್’ ತೆರೆದ. 25 ಸೆಂಟ್ ಕೊಟ್ಟರೆ ಎಂಟು ಚಿತ್ರಗಳ ಒಂದು ಪಟ್ಟಿ, ಕೆಲವೇ ನಿಮಿಷಗಳಲ್ಲಿ. ಜನ ಸಾಲುಗಟ್ಟಿದರು. 1927ರಲ್ಲಿ ಅದರ ಹಕ್ಕು ಹತ್ತು ಲಕ್ಷ ಡಾಲರಿಗೆ ಮಾರಾಟವಾಯಿತು. ಮೊದಮೊದಲು ಒಬ್ಬ ಸಹಾಯಕ ನಿಂತು ಹೀಗೆ ನೋಡಿ, ಹಾಗೆ ನೋಡಿ ಎನ್ನುತ್ತಿದ್ದ. ಆಮೇಲೆ ಒಂದು ನಾಣ್ಯ, ಒಂದು ಸ್ಟೂಲು, ಒಂದು ಪರದೆ ಸಾಕಾಯಿತು. ಪರದೆ ಎಳೆದುಕೊಂಡರೆ ಒಳಗೆ ಯಾರೂ ಇಲ್ಲ. ಫೋಟೊಗ್ರಾಫರ್ ಇಲ್ಲ, ತೊಳೆದುಕೊಡುವ ಲ್ಯಾಬಿನವನಿಲ್ಲ, ನೆಗೆಟಿವ್ ಕೂಡ ಇಲ್ಲ. ಬಿಂಬ ನೇರ ಕಾಗದದ ಮೇಲೆ ಬೀಳುತ್ತಿತ್ತು, ಆ ಪಟ್ಟಿ ಜಗತ್ತಿನಲ್ಲಿ ಒಂದೇ ಒಂದು. ಬೇರೆಯವರ ಮುಂದೆ ಒಟ್ಟಿಗೆ ನಿಲ್ಲಲಾರದ ಜೋಡಿಗಳು, ಸಮಾಜ ಒಪ್ಪದ ಪ್ರೇಮಿಗಳು ಆ ಪೆಟ್ಟಿಗೆಯೊಳಗೆ ಧೈರ್ಯವಾಗಿ ಕೆನ್ನೆಗೆ ಕೆನ್ನೆ ತಾಗಿಸಿದರು. 1929ರಲ್ಲಿ ಪ್ಯಾರಿಸ್ಸಿನ ಸರ್ರಿಯಲಿಸ್ಟರು ಅದರಲ್ಲಿ ಕಣ್ಣು ಮುಚ್ಚಿ ಕೂತು ತೆಗೆಸಿಕೊಂಡ ಚಿತ್ರಗಳನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿದರು. 1963ರಲ್ಲಿ ಆಂಡಿ ವಾರ್ಹೋಲ್ ಎಥೆಲ್ ಸ್ಕಲ್ ಎಂಬಾಕೆಯನ್ನು ಅಂಥ ಬೂತುಗಳಲ್ಲಿ ಕೂರಿಸಿ, ಆ ಪಟ್ಟಿಗಳಿಂದ 36 ಮುಖಗಳ ದೊಡ್ಡ ಚಿತ್ರ ಮಾಡಿದ.

ಈಗ ನಮ್ಮ ಮಂಟಪದ ಬೂತನ್ನು ಅದರ ಪಕ್ಕ ಇಟ್ಟು ನೋಡಿ. ಹೆಸರು ಉಳಿದಿದೆ, ಪೆಟ್ಟಿಗೆ ಹೋಗಿದೆ. ಮುಂದೆ ಪರದೆಯಿಲ್ಲ, ಹಿಂದೆ ಮಾತ್ರ ಇದೆ. ಎದುರಿಗೆ ಸಾಲಿನಲ್ಲಿ ನಿಂತ ಹತ್ತು ಜನ, ಅವರಲ್ಲಿ ನಿಮ್ಮ ಚಿಕ್ಕಪ್ಪನೂ ಇದ್ದಾರೆ. ಪಕ್ಕದಲ್ಲಿ ‘ಮೇಡಂ, ಈ ಬೋರ್ಡ್ ಹಿಡ್ಕೊಳ್ಳಿ, ಸರ್, ಸ್ವಲ್ಪ ನಗಿ’ ಎನ್ನುವ ಹುಡುಗ. ಎಷ್ಟೋ ಕಡೆ ಫೋಟೊ ಬೇಕಾದರೆ ಮೊಬೈಲ್ ನಂಬರ್ ಒತ್ತಬೇಕು. ಚಿತ್ರ ಬೇರೆ ಯಾರದೋ ಸರ್ವರಿಗೆ ಹೋಗಿ ಅಲ್ಲಿಂದ ನಿಮಗೆ ಬರುತ್ತದೆ. ಒಬ್ಬಂಟಿಯಾಗಿ ಕೂತು ಏನಾದರೂ ಆಗಬಹುದಾಗಿದ್ದ ಜಾಗ, ಎಲ್ಲರೂ ನೋಡುತ್ತಿರುವಾಗ ಎಲ್ಲರಂತೆಯೇ ಆಗುವ ಜಾಗವಾಗಿದೆ. ಅಜ್ಜಿ ನಕ್ಕದ್ದು ನಿಜ; ಅದಕ್ಕೆ ನನ್ನದೂ ಸಂತೋಷವಿದೆ. ಆದರೆ ಅವಳ ಕೈಗೆ ಕೊಟ್ಟ ಫಲಕದ ಮೇಲಿನ ಮಾತು ಅವಳದಲ್ಲ. ಆ ಇಂಗ್ಲಿಷ್ ಅಕ್ಷರ ಅವಳಿಗೆ ಓದಲು ಬರುತ್ತದೆಯೇ ಎಂದು ಯಾರೂ ಕೇಳಿರುವುದಿಲ್ಲ. ಇದನ್ನು ಬಿಡುಗಡೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಮೂರನೆಯ ವಾದ ಎಲ್ಲಕ್ಕಿಂತ ಸಲೀಸಾಗಿ ಬರುತ್ತದೆ: ಬೂತ್ ಒಂದೇ ಇದೆಯಾ? ಪ್ರತಿಯೊಬ್ಬರ ಕೈಯಲ್ಲೂ ಫೋನ್ ಇದೆ, ಒಂದು ಮದುವೆಗೆ ಸಾವಿರಾರು ಚಿತ್ರ. ನಿಮ್ಮ 2125ರ ಹುಡುಗಿ ಚಿತ್ರಗಳಲ್ಲಿ ಮುಳುಗಿಹೋಗುತ್ತಾಳೆ.

ಮುಳುಗಬೇಕಾದರೆ ನೀರು ಇರಬೇಕು. ನಮ್ಮ ನೀರು ಎಲ್ಲಿ ನಿಂತಿದೆ? ಇಪ್ಪತ್ತು ವರ್ಷಗಳ ಹಿಂದೆ ಕಾಲೇಜಿನಲ್ಲಿದ್ದ ನಮ್ಮ ಹುಡುಗ ಹುಡುಗಿಯರು ಹಬ್ಬ, ಹುಟ್ಟುಹಬ್ಬ, ಮದುವೆಗಳ ಚಿತ್ರಗಳನ್ನು ಆರ್ಕುಟ್‌ಗೆ ಹಾಕಿದರು. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಎರಡು ವರ್ಷ ಯಾರೂ ಬಳಸದ ಖಾತೆಗಳನ್ನು, ಅವುಗಳಲ್ಲಿನ ಫೋಟೊಗಳ ಸಮೇತ, ಅಳಿಸಿಹಾಕಬಹುದು ಎಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಎರಡು ವರ್ಷ ತಮ್ಮ ಖಾತೆಯನ್ನು ತೆರೆಯದವರು ಯಾರು? ಮುಖ್ಯವಾಗಿ, ತೀರಿಕೊಂಡವರು. ಸಂಶೋಧಕರಿಗೆ ಬೇಕಾಗುವುದು ಅವರದೇ ಚಿತ್ರಗಳು. ವಾಟ್ಸಾಪಿನಲ್ಲಿ ಫೋಟೊವನ್ನು ಸುಮ್ಮನೆ ಕಳಿಸಿದಾಗ ಅದು ಕುಗ್ಗುತ್ತದೆ, ತೆಗೆದ ದಿನ ಮತ್ತು ಜಾಗದ ಮಾಹಿತಿ ಕಳಚಿಹೋಗುತ್ತದೆ. ಬೂತಿನವರು ಕೊಡುವ ಕ್ಯೂಆರ್ ಕೋಡ್ ಅವರ ಗ್ಯಾಲರಿ ಇರುವ ತನಕ. ಅವಧಿ ಮುಗಿದರೆ ಅದು ಕಪ್ಪು ಚುಕ್ಕೆಗಳ ಚೌಕ. ಹಜಾರ ರಾಮನ ಗೋಡೆ ಉಳಿಯುವುದಕ್ಕೆ ಯಾರೂ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ.

ಇರಲಿ, ಎಲ್ಲವೂ ಉಳಿಯಿತು ಎಂದೇ ಇಟ್ಟುಕೊಳ್ಳೋಣ. ಹೆಸರಿಲ್ಲದ ಹತ್ತು ಸಾವಿರ ಮುಖಗಳು ಹೆಸರಿಲ್ಲದ ಒಂದು ಮುಖಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ಮುಖ ಗುರುತಿಸುವ ತಂತ್ರಾಂಶ ಈ ಮುಖ ಆ ಮುಖ ಒಂದೇ ಎಂದೀತು. ಈಕೆ ಮದುಮಗಳ ತಾಯಿಯ ತಂಗಿ, ಮದುವೆಯ ಹಿಂದಿನ ರಾತ್ರಿಯಿಡೀ ಹೂ ಕಟ್ಟಿದವಳು, ಗಂಡನ ಮನೆಯವರ ಜೊತೆ ಮಾತು ಬಿಟ್ಟು ಐದು ವರ್ಷವಾಗಿದ್ದರೂ ಮದುವೆಗೆ ಬಂದವಳು ಎಂದು ಅದು ಹೇಳಲಾರದು. ಅದನ್ನು ಹೇಳಬಲ್ಲವರು ಈಗ ಬದುಕಿದ್ದಾರೆ, ಬೂತಿನ ಸಾಲಿನಲ್ಲೇ ನಿಂತಿದ್ದಾರೆ. ನಾವು ಅವರಿಂದ ಹೆಸರು ಕೇಳುವ ಬದಲು ಮೀಸೆ ಹಿಡಿಸುತ್ತಿದ್ದೇವೆ.

ಈ ಲೋಪದಿಂದ ಎಲ್ಲರಿಗೂ ಸಮನಾಗಿ ನಷ್ಟವಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ವಧೂವರರು ಹೇಗಾದರೂ ಉಳಿಯುತ್ತಾರೆ. ಅವರಿಗೆ ಆಲ್ಬಮ್ ಇದೆ, ಡ್ರೋನ್ ಇದೆ, ಮದುವೆಗೆ ಮೊದಲೇ ಬೆಟ್ಟದ ಮೇಲೆ ತೆಗೆಸಿದ ವಿಡಿಯೊ ಇದೆ. ಅಳಿಸಿಹೋಗುವವರು ಬೇರೆ. ಹಿಂದಿನ ಆಲ್ಬಮ್ಮಿನಲ್ಲಿ ಊಟದ ಪಂಕ್ತಿಯ ಎರಡು ಮೂರು ಚಿತ್ರ ಇದ್ದೇ ಇರುತ್ತಿತ್ತು. ಉಣ್ಣುವಾಗ ಫೋಟೊ ತೆಗೆಯುತ್ತಾನೆ ಎಂದು ಎಲ್ಲರೂ ಬೈಯುತ್ತಿದ್ದರು. ಆದರೆ ಆ ಚಿತ್ರದಲ್ಲಿ ಸಾರಿನ ಬಕೆಟ್ ಹಿಡಿದವರಿದ್ದರು, ಎಲೆ ತೆಗೆಯಲು ಕಾದು ನಿಂತವರಿದ್ದರು. ಮೊದಲ ಪಂಕ್ತಿಯಲ್ಲಿ ಯಾರು, ಕೊನೆಯ ಪಂಕ್ತಿಯಲ್ಲಿ ಯಾರು, ಯಾರಿಗೆ ಒಳಗೆ, ಯಾರಿಗೆ ಚಪ್ಪರದ ಹೊರಗೆ ಎಂದು ಆ ಚಿತ್ರಗಳು ಬಾಯಿಬಿಡುತ್ತವೆ. ನಮ್ಮ ಜಾತಿಯ ಚರಿತ್ರೆಗೆ ಊಟದ ಸಾಲಿಗಿಂತ ನೇರವಾದ ಸಾಕ್ಷಿ ಬೇಕೆ? ತೆಗೆಸಿದವರಿಗೆ ಅದು ಹೆಮ್ಮೆಯ ಚಿತ್ರ. ಓದುವವರಿಗೆ ಅದು ದೂರಿನ ಅರ್ಜಿ. ಬೂತಿನ ಪರದೆಯ ಮುಂದೆ ಎಲ್ಲರೂ ಸಮಾನರಂತೆ ಕಾಣುತ್ತಾರೆ. ಸಮಾನತೆ ಬಂದದ್ದರಿಂದಲ್ಲ, ಸಮಾನರಲ್ಲದವರು ಆ ಪರದೆಯವರೆಗೆ ಬರುವುದೇ ಇಲ್ಲವಾದ್ದರಿಂದ. ಪಾತ್ರೆ ತೊಳೆಯುವ ಹೆಂಗಸನ್ನು ‘ಬನ್ನಿ, ಒಂದು ಫೋಟೊ’ ಎಂದು ಬೂತಿಗೆ ಕರೆದದ್ದನ್ನು ನಾನಂತೂ ಇದುವರೆಗೆ ಕಂಡಿಲ್ಲ. ನಾಳೆಯ ಸಂಶೋಧಕಿ ಆ ಚಿತ್ರಗಳನ್ನು ನೋಡಿ, ಆ ಕಾಲದಲ್ಲಿ ಎಲ್ಲರೂ ಒಂದೇ ಪರದೆಯ ಮುಂದೆ ಒಂದೇ ಕಿರೀಟ ಹಂಚಿಕೊಂಡು ನಗುತ್ತಿದ್ದರು ಎಂದು ಬರೆದರೆ, ಆ ಸುಳ್ಳಿನ ಹೊಣೆ ನಮ್ಮದು.

ಹಾಗಾದರೆ ಬೂತನ್ನು ಸುಟ್ಟುಹಾಕಬೇಕೇ? ಬೇಡ. ಒಂದು ವಿಷಯದಲ್ಲಿ ಅದಕ್ಕೆ ನಾವು ಋಣಿಗಳಾಗಿರಬೇಕು. ಇವತ್ತಿನ ಮದುವೆಯಲ್ಲಿ ಅಲ್ಲೇ, ಆಗಲೇ, ಬಂದವರ ಕೈಗೆ ಕಾಗದದ ಚಿತ್ರ ಕೊಡುವುದು ಅದೊಂದೇ. ಅದರ ಪ್ರಿಂಟರಿನಿಂದ ಬರುವ ಚಿತ್ರ ಬಿಸಿಲಿಗೆ, ನೀರಿಗೆ ಬಿಡದೆ ಇಟ್ಟುಕೊಂಡರೆ ಫೋನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಕೊರತೆ ಇರುವುದು ಪಕ್ಕದಲ್ಲಿ ಇರಬೇಕಾದ ಬರಹದ್ದು. ಆ ಬರಹದ ಮಾದರಿಯನ್ನು ನಾವು ಎಲ್ಲಿಂದಲೋ ತರಬೇಕಿಲ್ಲ. ನಮ್ಮ ಮದುವೆಯ ಮನೆಯಲ್ಲೇ ಅದು ಇತ್ತು, ಕೆಲವು ಕಡೆ ಈಗಲೂ ಇದೆ.

ಮುಯ್ಯಿ ಪುಸ್ತಕದ ಮಾತು ಹೇಳುತ್ತಿದ್ದೇನೆ. ಮಂಟಪದಲ್ಲಿ ಒಂದು ಮೇಜು, ಅಕ್ಷರ ಚೆನ್ನಾಗಿರುವ ಒಬ್ಬ ಮೇಷ್ಟ್ರೋ ಭಾವಮೈದುನನೋ, ಉದ್ದನೆಯ ಒಂದು ನೋಟ್‌ಬುಕ್. ಹೆಸರು, ಊರು, ಮುಯ್ಯಿ ಎಷ್ಟು. ಹಣವಲ್ಲದಿದ್ದರೆ ಸೀರೆ, ಪಂಚೆ, ಸ್ಟೀಲಿನ ಕೊಡ. ಉತ್ತರ ಕರ್ನಾಟಕದ ಕಡೆ ಆಯೇರಿ ಎನ್ನುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಇದನ್ನು ತಿರುಗಿಸಬೇಕಲ್ಲ, ಅದಕ್ಕಾಗಿ ಲೆಕ್ಕ. ಚರಿತ್ರೆ ಬರೆಯುವ ಉದ್ದೇಶ ಯಾರಿಗೂ ಇರಲಿಲ್ಲ. ಆದರೂ ಒಂದು ಮನೆತನದ ಮೂರು ಮದುವೆಗಳ ಮುಯ್ಯಿ ಪುಸ್ತಕ ಸಿಕ್ಕರೆ ಅದರಲ್ಲಿ ಏನೆಲ್ಲ ಇದೆ ನೋಡಿ: ಯಾವ ಯಾವ ಊರುಗಳ ಜೊತೆ ನಂಟು, ಯಾವ ನಂಟು ಹಳಸಿತು, ರೂಪಾಯಿಯ ಬೆಲೆ ಹೇಗೆ ಇಳಿಯಿತು, ಯಾವ ಜಾತಿಯವರ ಹೆಸರು ಪಟ್ಟಿಯಲ್ಲಿದೆ, ಯಾರದು ಇಲ್ಲ, ಹೆಂಗಸರ ಹೆಸರಿನಲ್ಲಿ ಮುಯ್ಯಿ ಯಾವಾಗಿನಿಂದ ಬರತೊಡಗಿತು. ‘ಉಡುಗೊರೆಗಳು ಬೇಡ, ಆಶೀರ್ವಾದವೇ ಉಡುಗೊರೆ’ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸತೊಡಗಿದ ಮೇಲೆ ಆ ಪುಸ್ತಕವೂ ಮರೆಯಾಗುತ್ತಿದೆ. ಕೊಡುಕೊಳ್ಳುವಿಕೆಯ ಭಾರ ಇಳಿಯಿತು, ಒಳ್ಳೆಯದೇ. ಅದರ ಜೊತೆಗೆ ಹೆಸರು ಬರೆಯುವ ಮೇಜೂ ಹೋಯಿತು. ಆ ಮೇಜಿದ್ದ ಜಾಗದಲ್ಲೇ ಈಗ ಬೂತ್ ನಿಂತಿದೆ.

ಆ ಮೇಜನ್ನು ಬೂತಿನ ಪಕ್ಕಕ್ಕೆ ವಾಪಸು ತನ್ನಿ ಎನ್ನುವುದು ನನ್ನ ಒತ್ತಾಯ. ಪ್ರತಿ ಚಿತ್ರದ ಎರಡು ಪ್ರತಿ ತೆಗೆಸಿ. ಒಂದು ನೆಂಟರಿಗೆ, ಇನ್ನೊಂದು ಪುಸ್ತಕಕ್ಕೆ. ಆ ಕಾಗದದ ನುಣುಪು ಬೆನ್ನಿನ ಮೇಲೆ ಬಾಲ್‌ಪೆನ್ ಸರಿಯಾಗಿ ಹಿಡಿಯುವುದಿಲ್ಲ; ಹಾಗಾಗಿ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಎಡದಿಂದ ಬಲಕ್ಕೆ ಹೆಸರು, ಊರು, ಏನಾಗಬೇಕು ಎಂದು ಬರೆಸಿ. ಬರೆಯಲು ಬಾರದವರನ್ನು ಕೇಳಿ ನೀವು ಬರೆಯಿರಿ. ಅವರ ಹೆಸರು ಬೇರೆ ಎಲ್ಲೂ ದಾಖಲಾಗಿರಲಾರದು 2125ರವರೆಗೆ. ಗಂಟೆಗೊಮ್ಮೆ ಆ ಹುಡುಗನಿಗೆ ಹೇಳಿ ಕ್ಯಾಮೆರಾವನ್ನು ಪರದೆಯಿಂದ ಮಂಟಪದ ಕಡೆಗೆ ತಿರುಗಿಸಿ ಒಂದು ಚಿತ್ರ ತೆಗೆಸಿ. ಅಡುಗೆಮನೆಗೆ ಹೋಗಿ ಬರಲಿ, ವಾಲಗದವರ ಹತ್ತಿರ ಹೋಗಿ ಬರಲಿ, ಆದರೆ ಅವರನ್ನು ಕೇಳಿಯೇ ತೆಗೆಯಲಿ, ಅವರಿಗೂ ಒಂದು ಪ್ರತಿ ಕೊಡಲಿ, ಅವರ ಹೆಸರೂ ಆ ಪುಸ್ತಕಕ್ಕೆ ಬರಲಿ.

ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಬಹಳ ಜನ ಮುಂದಿನ ವೈಶಾಖದಲ್ಲಿ ಅಕ್ಕನದೋ ಅಣ್ಣನದೋ ಮದುವೆಗೆ ಓಡಾಡುತ್ತಿರುತ್ತೀರಿ. ಬೂತ್ ಗೊತ್ತುಮಾಡುವ ಕೆಲಸ ಮನೆಯವರು ನಿಮ್ಮ ತಲೆಗೇ ಕಟ್ಟುತ್ತಾರೆ, ಏಕೆಂದರೆ ‘ಅದೆಲ್ಲ ನಿಮಗೇ ಗೊತ್ತಾಗೋದು.’ ಮುಂಗಡ ಕೊಡುವ ಮೊದಲು ಕೇಳಿ: ಚಿತ್ರಗಳನ್ನು ಎಲ್ಲಿ ಇಡುತ್ತೀರಿ, ಎಷ್ಟು ದಿನ ಇಡುತ್ತೀರಿ, ಕುಗ್ಗಿಸದ ಮೂಲ ಪ್ರತಿಗಳನ್ನು ನಮಗೆ ಕೊಡುತ್ತೀರಾ, ನಮ್ಮ ನೆಂಟರ ಫೋನ್ ನಂಬರುಗಳನ್ನು ಆಮೇಲೆ ಅಳಿಸುತ್ತೀರಾ? ಉತ್ತರ ಸಿಗದಿದ್ದರೆ ಬೇರೆಯವರನ್ನು ನೋಡಿ. ಸಿಕ್ಕಿದರೆ ಹಾಗೇ ಅಂಗಡಿಗೆ ಹೋಗಿ ಇನ್ನೂರು ಪುಟದ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, ಒಂದು ಡಬ್ಬಿ ಅಂಟು, ನಾಲ್ಕು ಪೆನ್ ತನ್ನಿ. ಮದುವೆಯ ಒಟ್ಟು ಖರ್ಚಿನಲ್ಲಿ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.